ಕಸಿ ತಾತನಿಗೆ ನೆಗಡಿಯಾದ ದಿನ

"ಅಮ್ಮಾ, ಕಸಿ ತಾತ ಮೂಗಲ್ಲಿ ನೋಡ್ತಾರಾ?"

ಮಗಳು ಚಿಣ್ಣಿ ಕಿಟಕಿಯ ಸರಳಿಗೆ ಗಲ್ಲ ಒತ್ತಿಕೊಂಡು ಈ ಪ್ರಶ್ನೆ ಕೇಳಿದಾಗ ನಾನು ಒಗೆದ ಬಟ್ಟೆಯ ರಾಶಿಯ ಮುಂದೆ ಕೂತು ಅವಳ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದೆ. ಅವಳಿಗೆ ಐದು ವರ್ಷ. ಹೊರಗೆ ನಮ್ಮ ಹೊಸ ಮನೆಯ ಅಂಗಳದಲ್ಲಿ ನರ್ಸರಿಯ ತಾತ ಕುಕ್ಕರುಗಾಲಲ್ಲಿ ಕೂತಿದ್ದರು. ಗೋಣಿಚೀಲದಿಂದ ಒಂದೊಂದೇ ಸಸಿ ತೆಗೆಯುವುದು, ಎಲೆಯ ತುದಿ ಚಿವುಟುವುದು, ಬೆರಳಲ್ಲಿ ಹೊಸಕುವುದು, ಮೂಗಿಗೆ ಹಿಡಿಯುವುದು. ಆಮೇಲೇ ಅದು ಸೀಬೆಯೋ ಮಲ್ಲಿಗೆಯೋ ಅಂತ ಹೇಳಿ ಪಕ್ಕಕ್ಕಿಡುವುದು.

"ಅದು ಅವರ ಅಭ್ಯಾಸ ಕಣೇ."

"ನಾನು ಮೂಸದೇನೇ ಹೇಳ್ತೀನಿ. ಅದು ಸೀಬೆ. ಇದು ಮಲ್ಲಿಗೆ."

"ಜಾಣೆ. ಹಾಗೇ ಈ ಕಾಲುಚೀಲದ ಜೋಡಿ ಎಲ್ಲಿದೆ ಅಂತಾನೂ ಹೇಳಿಬಿಡು."

ಆ ವಿಷಯದಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ. ಅಂಗಳಕ್ಕೆ ಓಡಿದಳು.

ಅವಳ ಪ್ರಶ್ನೆಗೆ ಸರಿಯಾದ ಉತ್ತರ ಹೌದು ಅನ್ನುವುದು. ಅವತ್ತು ನನಗದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಬೇಕಾದ ಹೊತ್ತಿಗೆ ಬಿಡಲಿಲ್ಲ. ಅದು ಮನಸ್ಸಿನಲ್ಲಿ ಕೂತು ಕೊರೆಯುತ್ತಿದೆ. ಅದಕ್ಕೇ ಆ ಮನುಷ್ಯನ ಕತೆಯನ್ನು ಮೊದಲಿನಿಂದ ಬರೆದಿಡೋಣ ಅನ್ನಿಸಿತು.

ನಮ್ಮ ಮನೆ ಕಟ್ಟಿ ಮುಗಿದಿತ್ತು ಅನ್ನುವುದು ಕಂಟ್ರಾಕ್ಟರ ಮಾತು. ಅಡುಗೆಮನೆಯ ಕಪಾಟಿಗೆ ಬಾಗಿಲಿರಲಿಲ್ಲ, ಮೆಟ್ಟಿಲಿಗೆ ಕಂಬಿ ಇರಲಿಲ್ಲ, ಯಾವ ಕೋಣೆಗೆ ಹೋದರೂ ಬಣ್ಣದ ವಾಸನೆ. ಮುಂದೆ ಹದಿನೈದು ಅಡಿ ಅಗಲದ ಅಂಗಳ. ಎಡಕ್ಕೆ ಇಬ್ಬರು ಒಟ್ಟಿಗೆ ನಡೆಯಲಾಗದಷ್ಟು ಕಿರಿದಾದ ಓಣಿ. ಹಿಂದೆ ನೀರಿನ ತೊಟ್ಟಿ, ಬಟ್ಟೆ ಒಣಹಾಕುವ ತಂತಿ. ನೆಲವೆಲ್ಲ ಬೂದಿ ಚೆಲ್ಲಿದ ಹಾಗೆ. ಆರು ವರ್ಷ ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ, ಎಣ್ಣೆ ಡಬ್ಬಕ್ಕೆ ತೂತು ಕೊರೆದು ಪುದೀನ ಬೆಳೆಸಿದವಳು ನಾನು. ನೆಲ ಸಿಕ್ಕ ಕೂಡಲೇ ಕೈ ಸುಮ್ಮನಿರಲಿಲ್ಲ. ಇಪ್ಪತ್ಮೂರು ಗಿಡಗಳ ಪಟ್ಟಿ ಮಾಡಿ, ಚಿಣ್ಣಿಯ ಕೈ ಹಿಡಿದುಕೊಂಡು ಬಸ್ ಡಿಪೋ ಹಿಂದಿನ ನರ್ಸರಿಗೆ ಹೋದೆ.

ನರ್ಸರಿ ಅಂದರೆ ಡಿಪೋದ ಉದ್ದನೆಯ ಗೋಡೆಗೂ ಚರಂಡಿಗೂ ನಡುವೆ ಉಳಿದ ಒಂದು ಪಟ್ಟಿ ಜಾಗ, ಮೇಲೆ ಹಸಿರು ಬಲೆ. ಒಳಗೆ ಒದ್ದೆ ಮಣ್ಣಿನ ವಾಸನೆ, ಗೋಡೆಯಾಚೆ ಬಸ್ಸುಗಳು ಗುರುಗುಡುವ ಸದ್ದು. ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಪ್ಪು ಚೀಲಗಳಿಗೆ ಮಣ್ಣು ತುಂಬುತ್ತಿದ್ದ ಹೆಂಗಸು ನನ್ನ ಪಟ್ಟಿ ಇಸಿದುಕೊಂಡು ಓದಿದರು. ಚಿಣ್ಣಿ ಆಮೇಲೆ ಅವರಿಗೆ ಡಿಪೋ ಅಜ್ಜಿ ಅಂತ ಹೆಸರಿಟ್ಟಳು.

"ಮನೆಗಾ, ಪಾರ್ಕಿಗಾ?"

"ಮನೆಗೇ."

"ಎಷ್ಟು ಎಕರೆ ಮನೆ?"

ನಾನು ನಕ್ಕೆ. ಅವರು ನಗಲಿಲ್ಲ. ಹಿಂದಕ್ಕೆ ತಿರುಗಿ, "ಏನ್ರೀ, ಇಲ್ಲೊಂದು ಕಾಡು ಬೇಕಂತೆ, ಬನ್ನಿ" ಎಂದು ಕೂಗಿದರು.

ಸಸಿಗಳ ಸಾಲಿನ ನಡುವಿನಿಂದ ಅವರ ಗಂಡ ಬಂದರು. ಅರವತ್ತು ದಾಟಿದ ಸಣಕಲು ಮೈ, ಅಂಗಿಯ ಜೇಬಿನಿಂದ ಇಣುಕುತ್ತಿದ್ದ, ಕಸಿಗೆ ಸುತ್ತುವ ಪ್ಲಾಸ್ಟಿಕ್ ಪಟ್ಟಿಗಳು, ಮಡಚುವ ಒಂದು ಪುಟ್ಟ ಚಾಕು. ಕಸಿ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಅಂತ ಸುತ್ತಲಿನವರೆಲ್ಲ ಕಸಿ ಮೇಸ್ತ್ರಿ ಅನ್ನುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಕಸಿ ತಾತ ಆದರು. ನನ್ನ ಗಿಡಗಳ ಪಟ್ಟಿಯನ್ನು ಅವರು ಕೈಯಲ್ಲೂ ಹಿಡಿಯಲಿಲ್ಲ.

"ಅಂಗಳ ನೋಡದೆ ನಾನು ಗಿಡ ಕೊಡಲ್ಲಮ್ಮ."

"ಕೊಡಲ್ಲ ಅಂದ್ರೆ ಕೊಡಲ್ಲ" ಎಂದರು ಅಜ್ಜಿ, ಕೈ ನಿಲ್ಲಿಸದೆ. "ಬಂದ ಗಿರಾಕೀನ ವಾಪಸ್ ಕಳಿಸೋ ಅಂಗಡಿ ಎಲ್ಲಾದ್ರೂ ಇದ್ರೆ ಇದೊಂದೇ. ಮೂವತ್ತು ವರ್ಷದಿಂದ ನೋಡ್ತಿದೀನಿ."

ಭಾನುವಾರ ಬೆಳಿಗ್ಗೆ ಬಂದರು. ಸೈಕಲ್ಲಿಗೆ ಹಾರೆ ಕಟ್ಟಿಕೊಂಡು, ಅದನ್ನು ತಳ್ಳಿಕೊಂಡೇ ಬಂದರು. ಅಷ್ಟು ದೂರದಿಂದ ಹತ್ತಿಕೊಂಡು ಬರಬಾರದಿತ್ತೇ ಅಂತ ನಮ್ಮವರು ಕೇಳಿದ್ದಕ್ಕೆ, "ಸೈಕಲ್ಲಿಗೂ ವಯಸ್ಸಾಯ್ತು ಸಾರ್" ಎಂದರು. ನಮ್ಮವರು ನಕ್ಕರು. ಸೈಕಲ್ ನೋಡಿದರೆ ಟಯರು ಎರಡೂ ಹೊಸದು.

ಗಿಡದ ಮಾತೇ ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು, ಹೆಣ್ಣು ನೋಡಲು ಬಂದವರ ಹಾಗೆ ಪ್ರಶ್ನೆ ಕೇಳಿದರು. ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತೆ? ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ? ಮಗು ಓಡೋದು ಯಾವ ಕಡೆ? ಗೇಟು ಒಳಕ್ಕೆ ತೆರೆಯುತ್ತಾ, ಹೊರಕ್ಕಾ? ಮನೆಯಲ್ಲಿ ಮೊದಲು ಏಳೋದು ಯಾರು?

"ನಾನೇ" ಎಂದೆ.

"ಎದ್ದ ತಕ್ಷಣ ಯಾವ ಕಿಟಕಿ ತೆಗೀತೀರಿ?"

ಅದನ್ನು ನನ್ನ ಹತ್ತಿರ ಯಾರೂ ಯಾವತ್ತೂ ಕೇಳಿರಲಿಲ್ಲ. ಅಡುಗೆಮನೆಯದು ಎಂದೆ. ಅವರು ಎದ್ದು ಹೋಗಿ ಆ ಕಿಟಕಿಯ ಹೊರಗೆ ನಿಂತರು. ಗೋಡೆಗೆ ಅಂಗೈ ಒತ್ತಿ ಬಿಸಿ ಎಷ್ಟಿದೆ ಅಂತ ನೋಡಿದರು. "ಮಲ್ಲಿಗೆ ಇಲ್ಲಿ" ಎಂದರು.

ಆಮೇಲೆ ಹಾರೆ ಕೈಗೆ ಬಂತು. ಅಂಗಳದ ಐದು ಕಡೆ ಮೊಣಕೈ ಆಳ ಅಗೆದು, ಒಂದೊಂದು ಗುಂಡಿಯಿಂದಲೂ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿದರು. ಮೂರು ಕಡೆ ಹಾರೆ ಟಣ್ ಅಂತ ವಾಪಸ್ ಬಂತು.

"ನಿಮ್ಮ ಗಾರೆಯವರು ಸಿಮೆಂಟ್ ಕಲಸಿದ್ದು ಇಲ್ಲಿ. ಕೈ ತೊಳೆದದ್ದು ಅಲ್ಲಿ. ಕೂತು ಊಟ ಮಾಡಿದ್ದು ಆ ಮೂಲೇಲಿ."

"ಊಟ ಮಾಡಿದ್ದು ಹೇಗೆ ಗೊತ್ತಾಯ್ತು?"

"ಅಲ್ಲೊಂದೇ ಕಡೆ ಎರೆಹುಳ ಇದೆ."

ನಮ್ಮವರಿಗೆ ಹುಲ್ಲುಹಾಸು ಬೇಕಿತ್ತು. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಕಸಿ ತಾತ ಫೋನನ್ನು ಹತ್ತಿರ ತಂದು, ದೂರ ಹಿಡಿದು, ಮರ್ಯಾದೆಗೆ ತಲೆಯಾಡಿಸಿ ವಾಪಸ್ ಕೊಟ್ಟರು. "ಚೆನ್ನಾಗಿದೆ. ಕತ್ತರಿಸೋದು ಯಾರು?"

"ನಾನೇ ಕತ್ತರಿಸ್ತೀನಿ."

"ಬಚ್ಚಲುಮನೆ ಬಾಗಿಲಿಗೆ ಚಿಲಕ ಹಾಕ್ತೀನಿ ಅಂದು ತಿಂಗಳಾಯ್ತು" ಎಂದೆ ನಾನು, ಯಾರಿಗೂ ಅಲ್ಲದ ಹಾಗೆ.

ಹುಲ್ಲಿನ ಮಾತು ಅಲ್ಲಿಗೆ ನಿಂತಿತು. ನನ್ನ ಪಟ್ಟಿಯ ಗತಿಯೂ ಅದೇ ಆಯಿತು. ಬಿಸಿಲು ಬೀಳುವ ಒಳ್ಳೆ ಜಾಗದಲ್ಲಿ ಬಟ್ಟೆಯ ತಂತಿ ಇತ್ತು. ಮಗುವಿರುವ ಮನೆ, ತಂತಿ ಕದಲಿಸುವುದಿಲ್ಲ ಎಂದೆ. ಒಳ್ಳೇದು, ಹಾಗಾದರೆ ಗುಲಾಬಿ ಬಿಡಿ ಎಂದರು. ಗುಲಾಬಿ ಬಿಡಲ್ಲ ಎಂದೆ. ಕೊನೆಗೆ ತಂತಿಯನ್ನು ನಾಲ್ಕಡಿ ಹಿಂದಕ್ಕೆ ಸರಿಸುವುದೆಂದೂ ಗುಲಾಬಿ ಒಂದೇ ಇರುವುದೆಂದೂ ತೀರ್ಮಾನವಾಯಿತು. ಓಣಿಗೆ ಜರಿಗಿಡ, ಬಚ್ಚಲ ನೀರಿನ ಹಾದಿಗೆ ಬಾಳೆ, ಗೇಟಿನ ಪಕ್ಕ ದಾಸವಾಳ, ತೊಟ್ಟಿಯ ಪಕ್ಕ ಸೀಬೆ. ಗಾರೆಯವರು ಊಟ ಮಾಡಿದ ಮೂಲೆ, ಅಂದರೆ ಅಂಗಳದ ಅತಿ ಒಳ್ಳೆಯ ಮಣ್ಣು, ಚಿಣ್ಣಿಗೆ.

"ನಿನಗೇನು ಬೇಕು?" ಅಂತ ಅವಳನ್ನೇ ಕೇಳಿದರು.

"ಯಾರೂ ಎತ್ತಿಕೊಳ್ಳದೇ ನಾನೇ ಕೀಳೋ ಹಣ್ಣು."

"ಕಿತ್ತಳೆ" ಎಂದರು. "ನಾನೇ ಕಸಿ ಕಟ್ಟಿದ್ದು. ಗಿಡ್ಡ ಮರ."

"ನಾಳೆ ಹಣ್ಣು ಬರುತ್ತಾ?"

"ನಿನ್ನ ಮುಂದಿನ ಹಲ್ಲೆಲ್ಲ ಬಿದ್ದು, ಹೊಸದು ಬಂದು, ನೀನು ಮೂರನೇ ಕ್ಲಾಸಿಗೆ ಹೋಗ್ತೀಯಲ್ಲ, ಆಗ."

ಚಿಣ್ಣಿ ನಾಲಗೆಯಿಂದ ಹಲ್ಲು ಅಲುಗಾಡಿಸಿ ನೋಡಿಕೊಂಡಳು.

ಏಳು ಗಿಡಗಳಾದವು. ಉಳಿದ ಹದಿನಾರನ್ನು ಏನು ಮಾಡಲಿ ಎಂದರೆ, ಪಕ್ಕದ ಮನೆಯವರು ಹಾಕಿದಾಗ ನೋಡಿ ಸಂತೋಷಪಡಿ ಎಂದರು.

ಮೂರು ವಾರ ಬಿಟ್ಟು, ಗುಂಡಿಗಳ ಸಿಮೆಂಟ್ ತೆಗೆಸಿ ಹೊಸ ಮಣ್ಣು ತುಂಬಿಸಿದ ಮೇಲೆ ಗಿಡಗಳು ಬಂದವು. ಚಿಣ್ಣಿ ಕಿಟಕಿಯಲ್ಲಿ ನಿಂತು ಆ ಪ್ರಶ್ನೆ ಕೇಳಿದ್ದು ಅವತ್ತೇ. ನೆಡುವಾಗ ಅವಳು ನೀರಿನ ಚೆಂಬು ಹಿಡಿದು ಅವರ ಪಕ್ಕ ಕೂತಿದ್ದಳು. ಕಸಿ ಅಂದರೇನು ಅಂತ ಅವಳಿಗೆ ಹೇಳಿಕೊಟ್ಟದ್ದು ನನಗೂ ಕೇಳಿಸುತ್ತಿತ್ತು.

"ಕಾಡುನಿಂಬೆ ಇದೆಯಲ್ಲ, ಅದು ಗಟ್ಟಿ ಪಿಂಡ. ಎಂಥ ಮಣ್ಣಲ್ಲೂ ಬೇರು ಬಿಡುತ್ತೆ, ರೋಗ ಬರಲ್ಲ. ಆದ್ರೆ ಹಣ್ಣು ಬಾಯಿಗೆ ಇಡೋ ಹಾಗಿಲ್ಲ. ಕಿತ್ತಳೆ ಸಿಹಿ, ಆದ್ರೆ ನಾಜೂಕು. ಅದಕ್ಕೆ ಇದರ ಕಾಲಿನ ಮೇಲೆ ಅದರ ತಲೆ ಕೂರಿಸೋದು. ನೋಡು, ಇಲ್ಲಿ ಗಂಟಿನ ಹಾಗೆ ಇದೆಯಲ್ಲ, ಇದೇ ಸೇರಿಸಿದ ಜಾಗ. ಗಂಟಿನ ಮೇಲೆ ಬಂದದ್ದು ಕಿತ್ತಳೆ. ಕೆಳಗಿಂದ ಏನಾದ್ರೂ ಚಿಗುರಿದ್ರೆ ಅದು ಕಾಡುನಿಂಬೆ. ಕಿತ್ತು ಬಿಸಾಕಬೇಕು. ಇಲ್ಲದಿದ್ರೆ ಅದು ಮೇಲಿರೋದನ್ನ ತಿಂದು ಹಾಕುತ್ತೆ."

"ಪಾಪ, ಅದೇ ಅಲ್ವಾ ಹೊತ್ಕೊಂಡಿರೋದು?"

ಅವರು ಕೈ ನಿಲ್ಲಿಸಿ ಅವಳ ಕಡೆ ತಿರುಗಿದರು. "ನಲವತ್ತೈದು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ ಮಗಳೇ" ಎಂದರು.

ಆ ನಲವತ್ತೈದು ವರ್ಷದ ಕತೆ ನನಗೆ ತುಂಡು ತುಂಡಾಗಿ ಸಿಕ್ಕಿತು, ಅರ್ಧ ಅವರಿಂದ, ಅರ್ಧ ಡಿಪೋ ಅಜ್ಜಿಯಿಂದ. ಹದಿನಾರನೇ ವಯಸ್ಸಿಗೆ ಒಂದು ದೊಡ್ಡ ಹಣ್ಣಿನ ತೋಟದಲ್ಲಿ ಸಸಿಗಳಿಗೆ ನೀರು ಹೊರುವ ಕೆಲಸಕ್ಕೆ ಸೇರಿದವರು. ಅಲ್ಲಿ ಕಸಿ ಕಟ್ಟುವ ಕೊಟ್ಟಿಗೆಗೆ ಹಳೆಯ ಮೇಸ್ತ್ರಿ ಯಾರನ್ನೂ ಬಿಡುತ್ತಿರಲಿಲ್ಲ. ಇವರು ಗೋಣಿ ಪರದೆಯ ತೂತಿನಲ್ಲಿ ನೋಡಿ, ಬೇಲಿಯ ಕಡ್ಡಿಗಳ ಮೇಲೆ ಅರ್ಧ ಶೇವಿಂಗ್ ಬ್ಲೇಡಿನಲ್ಲಿ ಕೈ ಪಳಗಿಸಿಕೊಂಡರು. ಒಂದು ವಾರ ಮೇಸ್ತ್ರಿ ಜ್ವರ ಬಂದು ಮಲಗಿದಾಗ, ಕತ್ತರಿಸಿಟ್ಟ ಚಿಗುರು ಒಣಗುತ್ತದಲ್ಲ ಅಂತ ಹೇಳದೆ ಕೇಳದೆ ಅರವತ್ತು ಗಿಡ ಕಟ್ಟಿಬಿಟ್ಟರು. ಐವತ್ತನಾಲ್ಕು ಹತ್ತಿಕೊಂಡವು. ಮೇಸ್ತ್ರಿ ಬಂದು ನೋಡಿ ಬೈಯಲಿಲ್ಲ, ಹೊಗಳಲಿಲ್ಲ. "ಪಟ್ಟಿ ಯಾಕೆ ಎಡಗೈಲಿ ಸುತ್ತಿದ್ದೀಯ?" ಅಂತಷ್ಟೇ ಕೇಳಿದರಂತೆ. ಮಾರನೇ ದಿನದಿಂದ ಕೊಟ್ಟಿಗೆಯಲ್ಲಿ ಇವರಿಗೂ ಒಂದು ಮಣೆ.

"ನಾನು ಅದೇ ತೋಟದಲ್ಲಿ ಚೀಲ ತುಂಬ್ತಿದ್ದೆ" ಎಂದರು ಅಜ್ಜಿ. "ಇವರು ಗಿಡ ಎಣಿಸೋಕೆ ಅಂತ ಬರೋರು. ಮುನ್ನೂರು ಗಿಡ ಎಣಿಸೋಕೆ ಎಂಟು ದಿನ. ನಾನು ಹೆಡ್ಡಿ ಥರ, ಪಾಪ ಲೆಕ್ಕ ಬರಲ್ವೇನೋ ಅಂದ್ಕೊಂಡೆ."

ಇದನ್ನು ಅವರು ಹೇಳಿದ್ದು ನಾನು ಪುದೀನ ಬೇರು ತರಲು ಹೋಗಿದ್ದ ದಿನ. ತಾತ ಎಲ್ಲೋ ಅಂಗಳ ನೋಡಲು ಹೋಗಿದ್ದರು. ನಗುನಗುತ್ತ ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು, "ಬನ್ನಿ, ಒಂದು ತೋರಿಸ್ತೀನಿ" ಅಂತ ಹಿಂದಕ್ಕೆ ಕರೆದೊಯ್ದರು. ಗೋಡೆಯ ಬುಡದಲ್ಲಿ ಸಾಲಾಗಿ ಚೀಲಗಳು. ಎಲ್ಲದರಲ್ಲೂ ಬುಡ ಹಸಿರು, ಮೇಲೆ ಕಸಿಯ ಕಡ್ಡಿ ಒಣಗಿ ಕಪ್ಪಾಗಿತ್ತು.

"ಹೋದ ಸಲ ಅರವತ್ತು ಕಟ್ಟಿದ್ರು. ಹತ್ತಿದ್ದು ಹನ್ನೊಂದು. ಅದರಲ್ಲಿ ನಿಮ್ಮ ಮನೆಗೆ ಬಂದದ್ದೂ ಒಂದು. ಕಡ್ಡೀನೂ ಬುಡಾನೂ ಸರಿಯಾಗಿ ಕೂರ್ತಿಲ್ಲ, ಕೂದಲೆಳೆಯಷ್ಟು ಸಂದು ಉಳೀತಿದೆ. ತಪ್ಪನ್ನ ಇವರು ಪ್ಲಾಸ್ಟಿಕ್ ಮೇಲೆ ಹಾಕಿದ್ರು, ಬಿಸಿಲಿನ ಮೇಲೆ ಹಾಕಿದ್ರು, ಡಿಪೋ ಹೊಗೆ ಮೇಲೆ ಹಾಕಿದ್ರು. ಕಣ್ಣೊಂದನ್ನ ಬಿಟ್ಟು."

ಎರಡು ಕಣ್ಣಲ್ಲೂ ಪೊರೆ. ಎರಡು ವರ್ಷದ ಹಿಂದೆಯೇ ಒಂದು ಶಿಬಿರದಲ್ಲಿ ಹೇಳಿ ಚೀಟಿ ಬರೆದುಕೊಟ್ಟಿದ್ದರಂತೆ. ಆಸ್ಪತ್ರೆಗೆ ಒಬ್ಬರೇ ಹೋಗಿ ಬಂದು, ಇನ್ನೂ ಕಾಯಬಹುದು ಅಂದರು ಅಂತ ಹೇಳಿ ಚೀಟಿ ಎಲ್ಲೋ ಇಟ್ಟುಬಿಟ್ಟರು. ತಾತನ ಅಣ್ಣ ಟೈಲರ್ ಆಗಿದ್ದವರು. ಇದೇ ಆಪರೇಷನ್ ಆಗಿ, ಕೀವಾಗಿ, ಒಂದು ಕಣ್ಣು ಹೋಯಿತು. ಅದಾದ ಮೇಲೆ ಆಸ್ಪತ್ರೆ ಅಂದರೆ ಇವರು ಮಾತು ಬದಲಾಯಿಸುತ್ತಾರೆ.

"ಮೂಗಿದೆ, ಹೆಬ್ಬೆಟ್ಟಿದೆ, ಕಣ್ಣು ಯಾಕೆ ಅಂತಾರೆ. ಗಿಡ ಗುರುತು ಹಿಡಿಯೋಕೆ ಮೂಗು ಸಾಕು, ಒಪ್ಕೋತೀನಿ. ಕಸಿಗೆ ಸಾಕಾಗಲ್ಲ. ಇನ್ನು ಮೂರು ತಿಂಗಳಿಗೆ ಮತ್ತೆ ಕಸಿ ಕಾಲ. ಈ ಸಲಾನೂ ಹೀಗಾದ್ರೆ ಇವರು ಚಾಕು ಕೆಳಗಿಟ್ಟ ಹಾಗೆ. ಹೊರಗಿಂದ ಲಾರೀಲಿ ಗಿಡ ತರಿಸಿ ಮಾರಬಹುದು, ಅಂಗಡಿ ನಡೆಯುತ್ತೆ, ನಾನೇ ನಡೆಸ್ತೀನಿ. ಆದ್ರೆ ಇವರು ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಹೇಳಿ?"

ಅವರು ನನ್ನ ಕೈಗೆ ಪುದೀನ ಬೇರು ಕೊಟ್ಟು, "ನಾನು ಹೇಳ್ದೆ ಅಂತ ಹೇಳ್ಬೇಡಿ" ಎಂದರು.

ನೆಟ್ಟ ಒಂದು ತಿಂಗಳಿಗೆ ಬುಡ ನೋಡಲು ಬರುವುದು ಕಸಿ ತಾತನ ಪದ್ಧತಿ. ಗಿಡ ಕೊಟ್ಟ ಪ್ರತಿ ಮನೆಗೂ ಹಾಗೆ ಹೋಗುತ್ತಾರೆ. ನಮ್ಮಲ್ಲಿಗೆ ಬಂದ ದಿನ ಅವರಿಗೆ ಜೋರು ನೆಗಡಿ. ಕರವಸ್ತ್ರದಲ್ಲಿ ಮೂಗು ಒರೆಸಿ ಒರೆಸಿ ಕೆಂಪಾಗಿತ್ತು, ಮಾತು ಗಡಿಗೆಯೊಳಗಿಂದ ಬಂದ ಹಾಗೆ. ಬಿಸಿನೀರು ಕೊಡುತ್ತೇನೆ, ಕೂರಿ ಎಂದೆ. ಬೇಡವೆಂದರು. ಚಿಣ್ಣಿ ಶಾಲೆಗೆ ಹೋಗಿದ್ದಳು.

ಈಗ ನನ್ನ ತಪ್ಪನ್ನೂ ಬರೆಯಬೇಕು. ಆ ತಿಂಗಳಲ್ಲಿ ನಾನು ಕಿತ್ತಳೆ ಗಿಡಕ್ಕೆ ಹೊಸ ಮಣ್ಣು ಏರಿಸಿದ್ದೆ. ಮಗುವಿಗೆ ಕತ್ತಿನವರೆಗೆ ಹೊದಿಸುತ್ತೇವಲ್ಲ, ಹಾಗೆ. ಕಸಿಯ ಗಂಟು ಮಣ್ಣೊಳಗೆ ಮುಚ್ಚಿಹೋಗಿತ್ತು. ಅದರ ಕೆಳಗಿಂದ ಒಂದು ಹೊಸ ಕುಡಿ ಎದ್ದಿತ್ತು. ನೋಡಿದವರಿಗೆ ಒಂದೇ ನೆಲದಿಂದ ಎರಡು ಕಡ್ಡಿ ಬಂದಂತೆ. ಒಂದು ತೆಳ್ಳಗೆ, ಮಂಕಾಗಿ. ಇನ್ನೊಂದು ದಷ್ಟಪುಷ್ಟ, ಎಲೆಗಳಲ್ಲಿ ಎಣ್ಣೆ ಹಚ್ಚಿದ ಹೊಳಪು.

ಅವರು ಮಂಡಿಯೂರಿ ಹೆಬ್ಬೆಟ್ಟಿನಿಂದ ಬುಡ ಸವರಿದರು. ಗಂಟು ಸಿಗಲಿಲ್ಲ. ಅಭ್ಯಾಸದಂತೆ ಎಲೆ ಹೊಸಕಿ ಮೂಗಿಗೆ ಹಿಡಿದರು, ಸೀನಿದರು, ಎಲೆ ಬಿಸಾಕಿದರು. ಮುಖವನ್ನು ಹತ್ತಿರ ತಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಾಕು ತೆಗೆದು, ತೆಳ್ಳಗಿದ್ದುದನ್ನು ಒಂದೇ ಏಟಿಗೆ ಕತ್ತರಿಸಿದರು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಉಳಿದ ಕಡ್ಡಿಯ ಮುಳ್ಳು ನನಗೆ ಕಾಣಿಸುತ್ತಿತ್ತು. ಒಂದೊಂದೂ ಸೂಜಿಯುದ್ದ. ಅವರು ಗಿಡ ತಂದ ದಿನ ಅಂಥ ಮುಳ್ಳು ಇರಲಿಲ್ಲ, ಅದೂ ನನಗೆ ನೆನಪಿತ್ತು. ಅವರ ಕಣ್ಣಿನ ವಿಷಯವೂ ಗೊತ್ತಿತ್ತು. ತಾತ ಒಂದು ನಿಮಿಷ ಅನ್ನಲು ಬಾಯಿ ತೆರೆದೆ, ಅನ್ನಲಿಲ್ಲ. ನಲವತ್ತೈದು ವರ್ಷ ಇದನ್ನೇ ಮಾಡಿದವರಿಗೆ, ಡಬ್ಬದಲ್ಲಿ ಪುದೀನ ಬೆಳೆಸಿದ ನಾನು ಏನು ಹೇಳುವುದು ಅನ್ನಿಸಿತು. ಇನ್ನೂ ನಿಜ ಹೇಳಬೇಕೆಂದರೆ, ಹೇಳಿದರೆ ಅವರ ಮುಖ ಹೇಗಾಗುತ್ತದೋ ಅನ್ನುವ ಹೆದರಿಕೆ. ಒಲೆಯ ಮೇಲೆ ಹಾಲಿದೆ ಅಂತ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಗಿಡ ಆಮೇಲೆ ಹುಚ್ಚು ಹಿಡಿದ ಹಾಗೆ ಬೆಳೆಯಿತು. ಚಿಣ್ಣಿ ದಿನಾ ಪಕ್ಕದಲ್ಲಿ ನಿಂತು ಅಳೆದುಕೊಳ್ಳುವಳು. "ನನ್ನ ಸೊಂಟಕ್ಕೆ ಬಂತು", "ಹೊಟ್ಟೆಗೆ ಬಂತು." ನಮ್ಮವರು ಕಂಡವರಿಗೆಲ್ಲ ನಮ್ಮ ಕಿತ್ತಳೆ ನೋಡಿ ಅನ್ನುವರು. ಕುಂಡದ ಗಿಡವನ್ನೂ ಒಣಗಿಸಿದವರು, ಆ ಹೆಮ್ಮೆ ಅವರಿಗಿರಲಿ ಅಂತ ನಾನು ಸುಮ್ಮನಿದ್ದೆ. 

ಮೂರು ವಾರದ ಮೇಲೆ ಒಂದು ಸಂಜೆ ಕಸಿ ತಾತ ಬಂದರು. ಮಲ್ಲಿಗೆ ಹಬ್ಬಿಸಲು ತೆಳು ಬಿದಿರಿನ ಕಡ್ಡಿ ತರುತ್ತೇನೆ ಎಂದಿದ್ದರು, ತಂದಿದ್ದರು. ನೆಗಡಿ ಹೋಗಿತ್ತು. ಗೇಟಿನಿಂದ ಅಡುಗೆಮನೆಯ ಕಿಟಕಿಗೆ ಹೋಗುವ ದಾರಿಯಲ್ಲೇ ಆ ಗಿಡ. ನಡೆಯುತ್ತಲೇ ಕೈ ಚಾಚಿ ಒಂದು ಎಲೆ ಕಿತ್ತರು, ಹೊಸಕಿದರು, ಮೂಗಿಗೆ ತಂದರು. ಎರಡು ಹೆಜ್ಜೆ ಮುಂದೆ ಹೋದವರು ನಿಂತರು. ಹಿಂದಕ್ಕೆ ಬಂದು ಇನ್ನೊಂದು ಎಲೆ ಕಿತ್ತರು.

ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟು ಕೂತುಕೊಂಡರು. ಬೆರಳಿನಿಂದ ಮಣ್ಣು ಕೆದಕಿ, ಗಂಟು ಹುಡುಕಿ, ಅದರ ಮೇಲೆ ಉಳಿದಿದ್ದ ಮೋಟು ಕಡ್ಡಿಯನ್ನು ಹೆಬ್ಬೆಟ್ಟಿನಿಂದ ಮುಟ್ಟಿದರು. ಒಣಗಿತ್ತು.

"ಇದನ್ನ ಕತ್ತರಿಸಿದ್ದು ಯಾರು?"

ನಾನು ಬಾಗಿಲಲ್ಲಿ ನಿಂತಿದ್ದೆ. ಸುಳ್ಳು ಹೇಳಬಹುದಿತ್ತು. "ನೀವೇ ತಾತ" ಎಂದೆ.

ಅವರ ಹೆಬ್ಬೆಟ್ಟು ಆ ಮೋಟಿನ ಮೇಲೇ ಉಳಿಯಿತು. ಚಿಣ್ಣಿ ಬಂದು ಪಕ್ಕದಲ್ಲಿ ಕೂತಳು. ಹುಷಾರು, ಚುಚ್ಚುತ್ತೆ ಅಂತ ಅವರಿಗೇ ಹೇಳಿದಳು. ನಾನು ನೀರು ತಂದುಕೊಟ್ಟೆ. ಅರ್ಧ ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡರು.

"ಮಣ್ಣು ಏರಿಸಿದ್ದು ನಾನು" ಎಂದೆ. "ಗಂಟು ಮುಚ್ಚಿಹೋಗಿತ್ತು."

"ಮಣ್ಣು ಎಲ್ಲರೂ ಏರಿಸ್ತಾರೆ. ಅದಕ್ಕೇ ಅಲ್ವಾ ನಾನು ತಿಂಗಳಿಗೆ ಬಂದು ನೋಡೋದು?"

"ಮುಳ್ಳು ನನಗೆ ಕಾಣಿಸಿತ್ತು ತಾತ. ನಾನು ಹೇಳಬೇಕಿತ್ತು."

ಅವರು ತಲೆ ಎತ್ತಿ ನನ್ನ ದನಿ ಬಂದ ಕಡೆ ನೋಡಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಚಿಣ್ಣಿಯ ಭುಜದ ಮೇಲೆ ಕೈಯಿಟ್ಟು ಅವಳನ್ನು ಗೇಟಿನ ಕಡೆ ತಿರುಗಿಸಿದರು.

"ಮಗಳೇ, ಇಲ್ಲಿಂದ ಗೇಟಿನ ಮೇಲೆ ಏನೇನು ಕಾಣುತ್ತೆ ಹೇಳು ನೋಡೋಣ."

"ಒಂದು ಕಾಗೆ. ಅಪ್ಪ ಒಣಹಾಕಿದ ಕಾರಿನ ಬಟ್ಟೆ. ಚಿಲಕ. ಒಂದು ಕಡೆ ಬಣ್ಣ ಹೋಗಿದೆ. ನಿಮಗೆ?"

"ನನಗೆ ಗೇಟೇ ಕಾಣ್ತಿಲ್ಲ ಕಣಮ್ಮ. ಇದೆ ಅಂತ ಗೊತ್ತು ಅಷ್ಟೆ."

ಚಿಣ್ಣಿ ಇದನ್ನು ಯೋಚಿಸಿದಳು. "ಹಾಗಾದ್ರೆ ನೀವು ಗೇಟಿಗೆ ಡಿಕ್ಕಿ ಹೊಡೀತೀರಾ?"

"ಎರಡು ಸಲ ಹೊಡೆದಿದೀನಿ. ನಿಮ್ಮಮ್ಮ ನೋಡಿಲ್ಲ."

ಅವರೂ ನಕ್ಕರು, ಅವಳೂ ನಕ್ಕಳು. ಕಾಗೆಯನ್ನು ಓಡಿಸಲು ಅವಳು ಗೇಟಿನ ಕಡೆ ಹೋದ ಮೇಲೆ ಅವರು ಮತ್ತೆ ಗಿಡದ ಬುಡ ಸವರಿದರು.

"ಉಳಿದಿರೋದು ಬರೀ ಕಾಡುನಿಂಬೆ, ಆದ್ರೆ ಬುಡ ಚೆನ್ನಾಗಿ ಗಟ್ಟಿಯಾಗಿದೆ. ಕಿತ್ತು ಹಾಕಬೇಡಿ. ಮೇಲೆ ಕತ್ತರಿಸಿ ಕಿತ್ತಳೆ ಮತ್ತೆ ಕೂರಿಸಬಹುದು. ಇನ್ನೂ ಏಳೆಂಟು ವಾರ ಟೈಮಿದೆ. ಆದ್ರೆ ಈ ಕಣ್ಣಲ್ಲಿ ಆಗಲ್ಲ." ಬೆರಳಿನ ಮಣ್ಣು ಕೊಡವಿದರು. "ನೋಡಿ, ಹೋದ ವರ್ಷದ್ದು ನಲವತ್ತೊಂಬತ್ತು ನನ್ನ ಅಂಗಡಿ ಒಳಗೇ ಸತ್ತವು. ಅದನ್ನ ನುಂಗ್ಕೊಂಡೆ. ಇದು ನಾನು ಮಗೂಗೆ ಕೊಟ್ಟ ಗಿಡ, ಕೊಟ್ಟು ನಾನೇ ತಲೆ ಕಡಿದೆ. ಇನ್ನೆಷ್ಟು ಮನೆ ಅಂಗಳದಲ್ಲಿ ಹೀಗೆ ಮಾಡಿ ಬಂದಿದೀನೋ. ಯಾರೂ ಹೇಳಲ್ಲ. ಮರ್ಯಾದೆಗೆ ಸುಮ್ಮನಿರ್ತಾರೆ."

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಿತು.

"ಆಪರೇಷನ್ ಮಾಡಿಸಿದ್ರೆ ಏಳೆಂಟು ವಾರಕ್ಕೆ ಸರಿಹೋಗುತ್ತಾ?" ಎಂದೆ.

"ಒಂದು ಕಣ್ಣು ಆಗುತ್ತಂತೆ. ಕಸಿಗೆ ಒಂದೇ ಸಾಕು. ಚಾಕು ಹಿಡಿಯೋವಾಗ ಇನ್ನೊಂದನ್ನ ನಾನು ಹೇಗೂ ಮುಚ್ಚೋನು." ಲೋಟದ ನೀರನ್ನು ಗಿಡದ ಬುಡಕ್ಕೆ ಸುರಿದರು. "ಅಣ್ಣಂಗೆ ಆದ ಹಾಗೆ ಆದ್ರೆ, ಈಗಿರೋ ಮಬ್ಬೂ ಹೋಗುತ್ತೆ. ಆಗಲ್ಲ ಅಂತ ಯಾರೂ ಬರೆದುಕೊಡಲ್ಲ. ದಿನಾ ಗಿಡದ ಮೈ ಕೊಯ್ಯೋನು ನಾನು, ನನ್ನ ಕಣ್ಣ ಹತ್ತಿರ ಒಬ್ಬ ಬ್ಲೇಡ್ ತರ್ತಾನೆ ಅಂದ್ರೆ ಕೈಕಾಲು ತಣ್ಣಗಾಗುತ್ತೆ."

ಭಯಪಡಬೇಡಿ ಅಂತ ಹೇಳುವುದು ಸುಲಭ. ನಾನು ಹೇಳಲಿಲ್ಲ. ಹೆರಿಗೆಗೆ ಮುಂಚೆ ನನಗೆ ಹಾಗೆ ಹೇಳಿದವರ ಮುಖ ಒಂದೂ ನೆನಪಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಆಯಾ ಒಬ್ಬಳು ನೆನಪಿದ್ದಾಳೆ. ನಾನೂ ಮಣ್ಣಿನ ಮೇಲೆ ಕೂತೆ.

ಮಲ್ಲಿಗೆಗೆ ಕಡ್ಡಿ ಕಟ್ಟುವ ಕೆಲಸ ಉಳಿದಿತ್ತು. ಎದ್ದು ಹೋಗಿ ಕಿಟಕಿಯ ಕೆಳಗೆ ನಾಲ್ಕು ಕಡ್ಡಿ ಊರಿದರು, ಬಳ್ಳಿಯ ತುದಿಯನ್ನು ಬೆರಳಲ್ಲೇ ಹುಡುಕಿ, ಪಟ್ಟಿಯ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕಟ್ಟಿದರು. ಕೈ ಎಲ್ಲೂ ತಡವರಿಸಲಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆದು, ಸೈಕಲ್ ಹಿಡಿದು ಗೇಟಿನವರೆಗೆ ಹೋದವರು ಅಲ್ಲೇ ನಿಂತರು.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಮ್ಮ."

"ಹೇಳಿ ತಾತ."

"ಬುಧವಾರ ಕಣ್ಣಾಸ್ಪತ್ರೆಗೆ ಹೋಗ್ತೀನಿ. ನಮ್ಮನೆಯವಳನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಅವಳು ಡಾಕ್ಟರ ಮುಂದೇನೇ ಶುರು ಮಾಡ್ತಾಳೆ. ಅವಳು ಕಾಣಲ್ಲ ಅಂದ್ರೆ ನಾನು ಕಾಣುತ್ತೆ ಅಂತೀನಿ, ಅದು ನಮ್ಮ ಸಂಸಾರ ನಡೆಯೋ ರೀತಿ. ಒಬ್ಬನೇ ಹೋದ್ರೂ ಕೆಟ್ಟೆ. ಹೋದ ಸಲ ಏನು ಮಾಡ್ದೆ ಗೊತ್ತಾ? ಸಾಲಲ್ಲಿ ನನ್ನ ಮುಂದಿದ್ದೋರು ಗೋಡೆ ಮೇಲಿನ ಅಕ್ಷರ ಓದ್ತಿದ್ರಲ್ಲ, ಅದನ್ನ ಕೇಳಿಸ್ಕೊಂಡು ಬಾಯಿಪಾಠ ಒಪ್ಪಿಸಿ ಬಂದೆ. ಇನ್ನೂ ಕಾಯಬಹುದು ಅಂದ್ರು. ಇವಳಿಗೆ ಇದು ಗೊತ್ತಿಲ್ಲ. ಈ ಸಲಾನೂ ಹೆದರಿಕೇಲಿ ಹಾಗೇ ಬಾಯಿಗೆ ಬಂದ್ಬಿಡುತ್ತೆ." ಸೈಕಲ್ಲಿನ ಗಂಟೆಯನ್ನು ಅಂಗೈಯಲ್ಲಿ ಒರೆಸುತ್ತ ನಿಂತರು. "ನೀವು ನನ್ನ ಜೊತೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ಡಾಕ್ಟರು ಕೇಳ್ದಾಗ ನಾನು ಏನೇ ಅನ್ಲಿ, ಆ ದಿನ ನಾನು ಯಾವುದನ್ನ ಕತ್ತರಿಸ್ದೆ, ಯಾವುದನ್ನ ಬಿಟ್ಟೆ ಅಂತ ನೀವು ಅವರಿಗೆ ಹೇಳ್ಬಿಡಿ. ಈ ಸಲ ಸುಮ್ಮನಿರ್ಬೇಡಿ."